ಒಂಬತ್ತು ಹೊರೆ, ಹನ್ನೆರಡು ಊಟ

1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟ ಕಥೆಯ ಮೇಲೆ ನಾನೊಂದು ವಿಡಿಯೋ ಗೇಮ್ ಮಾಡಿದ್ದೇನೆ. ಗೇಮಿನ ಜೊತೆ ಪುಸ್ತಕ ಕೊಟ್ಟರೆ ಯಾರು ಓದುತ್ತಾರೆ ಅಂತ ಶಿವಮೊಗ್ಗದಲ್ಲಿ ಗೇಮ್ ಮಾಡುವವರೆಲ್ಲ ನಕ್ಕಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು. 64 ಪುಟ, 300 ಪ್ರತಿ, ಅಚ್ಚಿಗೇ ಸುಮಾರು 40 ಸಾವಿರ. ಕೆಳದಿ ಅರಸರ ವಂಶಾವಳಿ, ಚೆನ್ನಮ್ಮಾಜಿ ಪರಿಚಯ, ನಕ್ಷೆ ಎಲ್ಲ ಇತ್ತು. ಸಾಲದ್ದಕ್ಕೆ 1689ರ ಕಥೆಯ ನಕ್ಷೆಯಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ‘ಹೈದರನಗರ’ ಅಂತ ಅಚ್ಚು ಹಾಕಿಸಿದ್ದೆ. ಹೈದರಾಲಿ ಊರು ಹಿಡಿದದ್ದೇ 1763ರಲ್ಲಿ! ಸ್ಟಿಕ್ಕರ್ ಅಂಟಿಸಲು ಮತ್ತೆರಡು ಸಾವಿರ. ಆದರೆ ಮುಳುಗಿಸಿದ್ದು ಅದಲ್ಲ. ಗೇಮ್ ಹೇಳುವ ಕಥೆಯನ್ನೇ ಪುಸ್ತಕವೂ ಹೇಳಿದರೆ ಬಿಡಿಸಿ ನೋಡುವವರು ಯಾರು?

ಎರಡನೇ ಸಲ ಕಡತ ಮಾಡಿದೆ, ಅಂದರೆ ಕಪ್ಪು ಲೇಪ ಬಳಿದ ಬಟ್ಟೆಯನ್ನು ಮಡಿಸಿ ಬಳಪದಲ್ಲಿ ಬರೆಯುವ ಹಳೇ ಕಾಲದ ಪುಸ್ತಕ. ದಾರಿ ಕಾಯುವ ಠಾಣೆಯಾದ ಉಕ್ಕಡದ ಶಾನುಭೋಗನ ಲೆಕ್ಕ, 12 ಮಡಿಕೆ, ಅಷ್ಟೇ. ಲೆಕ್ಕ ಪೂರ್ತಿ ಕಲ್ಪನೆ. ಅದರಲ್ಲಿ ರಾಜಾರಾಮನ ಹೆಸರಿಲ್ಲ, ಚೆನ್ನಮ್ಮಾಜಿ ಆಶ್ರಯ ಕೊಟ್ಟ ಸುದ್ದಿಯೂ ಇಲ್ಲ. ಮೆಣಸಿನ ಹೊರೆ ಎಷ್ಟು, ಹೊತ್ತವರ ಊಟಕ್ಕೆ ಅಕ್ಕಿ ಎಷ್ಟು ಅಂತ ಮಾತ್ರ. 7 ಹೊರೆ 7 ಸೇರು, 10 ಹೊರೆ 10 ಸೇರು, ಹೀಗೇ ಎಂಟು ಮಡಿಕೆ. ಒಂಬತ್ತನೆಯದರಲ್ಲಿ 9 ಹೊರೆ, 12 ಸೇರು. ಹೊರೆಯಿಲ್ಲದೆ ಉಂಡ ಮೂವರು ಯಾರು?

ಗೇಮಿನಲ್ಲಿ ಆಡುವವರು ಆ ಉಕ್ಕಡಕ್ಕೆ ಬಂದಾಗ ಶಾನುಭೋಗ ಎಷ್ಟು ಹೊರೆ, ಎಷ್ಟು ಊಟ ಅಂತ ಕೇಳುತ್ತಾನೆ. ‘ಒಂಬತ್ತು, ಹನ್ನೆರಡು’ ಅಂದರೆ ತಾನೇ ಅಡ್ಡಮರ ಸರಿಸುತ್ತಾನೆ. ತಪ್ಪಿದರೆ ಎಂಟು ಕಾವಲಿನವರ ಜೊತೆ ಹೊಡೆದಾಟ. ಗೆಲ್ಲಬಹುದು, ಆದರೆ ಶಾನುಭೋಗ ಸಾಯುತ್ತಾನೆ. ಆಮೇಲೆ ಕಡತ ಬಿಡಿಸಿದವರಿಗೆ ಕೊಂದದ್ದು ಯಾರನ್ನು ಅಂತ ಗೊತ್ತಾಗುತ್ತದೆ. ಆ ದೃಶ್ಯದಲ್ಲಿ ಒಂದು ಸಂಭಾಷಣೆಯನ್ನೂ ಹೆಚ್ಚಿಸಿಲ್ಲ.

ಓದದವರಿಗೆ ದಾರಿ ಮುಚ್ಚಬೇಡಿ. ಅಸಾಸಿನ್ಸ್ ಕ್ರೀಡ್ 2 ಗೇಮಿನಲ್ಲಿ ಕೋಡೆಕ್ಸ್ ಎಂಬ ಹಳೇ ಹಸ್ತಪ್ರತಿಯ 30 ಹಾಳೆ ಸೇರಿಸದೆ ಕೊನೆಯ ಮಿಷನ್ ಸಿಗುವುದಿಲ್ಲ, ನಿಜ. ಅಲ್ಲಿ ಹಾಳೆ ಗೇಮಿನೊಳಗೇ ಇದೆ, ನಮ್ಮದು ಮನೆಯ ಕಪಾಟಿನಲ್ಲಿರುತ್ತದೆ.

ಕಡತದ ಕಾಗದದ ಪ್ರತಿಗೆ ಮೊದಲು 170 ಜಿಎಸ್‌ಎಂ ಆರ್ಟ್ ಪೇಪರಿಗೆ ಕಪ್ಪು ಹೊಡೆಸಿದೆ. ಮಡಿಸಿದಲ್ಲೆಲ್ಲ ಶಾಯಿ ಒಡೆದು ಬಿಳಿ ಗೆರೆ. ಈಗ ಕಪ್ಪು ಕಾಗದಕ್ಕೇ ಬಿಳಿ ಸ್ಕ್ರೀನ್ ಪ್ರಿಂಟಿಂಗ್, ಎರಡು ಸಲ ಎಳೆಸಬೇಕು. ಒಂದೇ ಸಲಕ್ಕೆ ಬೂದಿ ಬಣ್ಣ ಕಾಣುತ್ತದೆ. ಪ್ರತಿಗೆ ಹತ್ತಿರ ಹತ್ತಿರ 35 ರೂಪಾಯಿ.

ಬಟ್ಟೆಯ ಕಡತದ್ದು ಬೇರೆ ಪಾಡು. ಒರಟು ಹತ್ತಿ ಬಟ್ಟೆಯನ್ನು ಕುದಿಸಿ ಗಂಜಿ ಬಿಡಿಸದಿದ್ದರೆ ಲೇಪ ಹಕ್ಕಳೆ ಏಳುತ್ತದೆ. ಹುಣಸೆಬೀಜ ಒಂದು ಕೆಜಿ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ಎಂಟು-ಹತ್ತು ಲೀಟರ್ ನೀರಲ್ಲಿ ತಳ ಹಿಡಿಯದಂತೆ ಕಾಯಿಸಬೇಕು. ತೆಂಗಿನ ಚಿಪ್ಪಿನ ಇದ್ದಿಲು ಸುಮಾರು 300 ಗ್ರಾಂ, ಬಟ್ಟೆಯಲ್ಲಿ ಸೋಸಿದ್ದು. ಎರಡೂ ಕಡೆ ತೆಳ್ಳಗೆ ಮೂರು ಸಲ ಬಳಿಯಿರಿ. ಒಂದೇ ಸಲ ದಪ್ಪ ಬಳಿದರೆ ಮಡಿಕೆಯಲ್ಲಿ ಬಿರುಕು. ಜುಲೈನಲ್ಲಿ ಮಾಡಿದ 40 ಕಡತ ವಾರದಲ್ಲಿ ಬೂಷ್ಟು ಹಿಡಿದು ತಿಪ್ಪೆಗೆ ಹೋದವು. ಈಗ ಅಡಿಕೆ ಎದ್ದ ಮೇಲೆ ಅದೇ ಅಂಗಳದಲ್ಲಿ ಒಣಗಿಸುತ್ತೇನೆ, ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತೇನೆ. ತೋಟಕ್ಕೆ ತಂದದ್ದು ಮನೆಯಲ್ಲಿ ಇದ್ದೇ ಇರುತ್ತದಲ್ಲ.

ಗೇಮಿನೊಳಗಿನ ಕಡತದ ಅಕ್ಷರಕ್ಕೆ, ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋ ನಂಬಿ ಕೆಟ್ಟೆ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅಂಥದ್ದೇ ಇನ್ನೊಂದು ತಂತ್ರಾಂಶ ಗೊಡೋ 4ರಲ್ಲಿ ಸರಿ ಕೂರುತ್ತವೆ. ಅಕ್ಷರ ಒಂದೊಂದೇ ಮೂಡಬೇಕಿದ್ದರೆ ಒತ್ತು, ಗುಣಿತ ಕೂಡಿಸುವ ಶೇಪಿಂಗ್ ಆದ ಮೇಲೆ ತೋರಿಸುವ ಆಯ್ಕೆ ಇಡಿ.

ನಡುವೆ ಇನ್ನೊಂದು ಹುಚ್ಚು: ಆಶ್ರಯ ಕೊಡಬೇಕೋ ಬೇಡವೋ ಎಂಬ ಆಸ್ಥಾನದ ವಾದವನ್ನು ತಾಳಮದ್ದಳೆ ಧಾಟಿಯಲ್ಲಿ ಧ್ವನಿಮುದ್ರಿಸಿದ್ದು. ಏಳು ನಿಮಿಷ ಯಾರೂ ಕೇಳಲಿಲ್ಲ. 40 ಸೆಕೆಂಡಿನ ತುಂಡು ಮಾಡಿ ಲೋಡಿಂಗ್ ಹೊತ್ತಿಗೆ ಹಾಕಿದೆ, ಈಗ ಅದಕ್ಕಾಗಿಯೇ ಕಾಯುವವರಿದ್ದಾರೆ.

ಹೋದ ಬೇಸಿಗೆಯಲ್ಲಿ ಬಟ್ಟೆಯ ಕಡತ ನೂರರ ಮೇಲೆ ಹೋದವು, ಒಂದಕ್ಕೆ 450. ನಕ್ಕವರಲ್ಲೇ ಇಬ್ಬರು, ಬಳಪದ ಬರಹ ಅಳಿಸದ ಹಾಗೆ ಏನು ಬಳಿಯುತ್ತೀರಿ ಅಂತ ಕೇಳಿದರು. ಬೀಜ, ಇದ್ದಿಲು, ಅಳತೆ ಎಲ್ಲ ಹೇಳಿದ್ದೇನೆ. ಅದೊಂದು ನನ್ನಲ್ಲೇ ಇರಲಿ.