‘ಎಂಪೈರ್’ ಪದದ ಅರ್ಥವನ್ನು ಗುರುತಿಸುವುದು ಹೇಗೆ?

ಇತಿಹಾಸದ ಪುಸ್ತಕದಲ್ಲಿ ‘ಎಂಪೈರ್’ ಎಂಬ ಪದ ಎದುರಾದೊಡನೆ ವಿಶಾಲವಾದ ಭೂಪಟವೊಂದು ಕಣ್ಣ ಮುಂದೆ ಬರುತ್ತದೆ. ಪದದ ಮೂಲವನ್ನು ಅರಿಯಬೇಕಾದರೆ ಮೊದಲು ಆ ಭೂಪಟವನ್ನು ಬದಿಗಿರಿಸಬೇಕು. ಲ್ಯಾಟಿನ್ನಿನಲ್ಲಿ ‘ಇಂಪೆರಾರೆ’ ಎಂದರೆ ಆಜ್ಞಾಪಿಸುವುದು. ಅದರಿಂದ ಬಂದ ‘ಇಂಪೇರಿಯಮ್’ ಎಂದರೆ ಆಜ್ಞಾಧಿಕಾರ. ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲಿಷಿಗೆ ಬಂದದ್ದು ಇದೇ ಪದ.

ಎರಡನೆಯ ಹೆಜ್ಜೆಯಾಗಿ, ಆ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ನೋಡಬೇಕು. ರೋಮನ್ ಗಣರಾಜ್ಯದಲ್ಲಿ ಇಂಪೇರಿಯಮ್ ಹೊಂದಿದ್ದ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್‌ನ ಮುಂದೆ 12 ಮಂದಿ ಬೆಂಗಾವಲು ಸೇವಕರಾದ ಲಿಕ್ಟರ್‌ಗಳು ಬೆತ್ತದ ಕಟ್ಟುಗಳನ್ನು ಹೊತ್ತು ನಡೆಯುತ್ತಿದ್ದರು. ನಗರದ ಪವಿತ್ರ ಎಲ್ಲೆಯ ಹೊರಗೆ ಆ ಕಟ್ಟಿನೊಳಗೆ ಕೊಡಲಿಯೂ ಇರುತ್ತಿತ್ತು. ಎಲ್ಲೆಯೊಳಗೆ ಬರುವಾಗ ಅದನ್ನು ತೆಗೆದಿಡುತ್ತಿದ್ದರು, ಏಕೆಂದರೆ ಅಲ್ಲಿ ಮರಣದಂಡನೆಯ ವಿರುದ್ಧ ಜನರ ಮುಂದೆ ಮೊರೆಯಿಡುವ ಹಕ್ಕು ಪ್ರಜೆಗಿತ್ತು. ಗೆದ್ದ ಸೇನಾಪತಿಯನ್ನು ಸೈನಿಕರು ‘ಇಂಪೆರಾಟರ್’ ಎಂದು ಕೂಗಿ ಗೌರವಿಸುತ್ತಿದ್ದರು. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಆ ಬಿರುದನ್ನು ತನ್ನ ಹೆಸರಿನ ಭಾಗವನ್ನಾಗಿಯೇ ಮಾಡಿಕೊಂಡ. ‘ಎಂಪರರ್’ ಎಂಬ ಪದ ಹುಟ್ಟಿದ್ದು ಆ ಬಿರುದಿನಿಂದಲೇ. ಆಜ್ಞೆ ನಡೆಯುವ ನೆಲಕ್ಕೂ ಇಂಪೇರಿಯಮ್ ಎಂಬ ಹೆಸರು ನಿಧಾನವಾಗಿ ಅಂಟಿಕೊಂಡಿತು.

ಮುಂದಿನ ಹೆಜ್ಜೆ, ಪದವನ್ನು ಯಾರು ಯಾರ ವಿರುದ್ಧ ಬಳಸುತ್ತಿದ್ದಾರೆ ಎಂದು ಕೇಳುವುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಅಂಗೀಕಾರವಾದ ಕಾಯ್ದೆಯೊಂದು ಇಂಗ್ಲೆಂಡನ್ನು ‘ಎಂಪೈರ್’ ಎಂದು ಸಾರುತ್ತದೆ. ವಸಾಹತುಗಳನ್ನು ನೆನೆದು ಇದನ್ನು ಓದಿದರೆ ತಪ್ಪು ಅರ್ಥ ಕೈಗೆ ಬರುತ್ತದೆ. ಅರಸನ ವಿವಾಹ ರದ್ದತಿಯ ವಿಚಾರದಲ್ಲಿ ಪೋಪನೊಂದಿಗೆ ಸಂಘರ್ಷ ನಡೆದಿದ್ದ ಆ ಹೊತ್ತಿನಲ್ಲಿ, ಇಲ್ಲಿನ ವ್ಯಾಜ್ಯಗಳ ಮೇಲ್ಮನವಿ ರೋಮ್‌ಗೆ ಹೋಗಕೂಡದು, ಈ ದೊರೆಯ ಮೇಲೆ ಇಹಲೋಕದ ಬೇರಾವ ಅಧಿಕಾರವೂ ಇಲ್ಲ ಎಂಬುದೇ ಆ ಮಾತಿನ ತಿರುಳಾಗಿತ್ತು.

ಬಳಿಕ, ಚಕ್ರವರ್ತಿ ಇದ್ದಾನೆಯೇ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಆಗಸ್ಟಸ್‌ಗಿಂತ ಬಹಳ ಮೊದಲೇ ರೋಮ್ ಸಾಗರದಾಚೆಯ ಪ್ರಾಂತ್ಯಗಳನ್ನು ಆಳುತ್ತಿತ್ತು. 1870ರ ನಂತರದ ಫ್ರಾನ್ಸ್ ಗಣರಾಜ್ಯವಾಗಿದ್ದುಕೊಂಡೇ ಆಫ್ರಿಕ ಮತ್ತು ಏಷ್ಯಾದ ಜನರನ್ನು ತನ್ನ ಅಧೀನದಲ್ಲಿರಿಸಿಕೊಂಡಿತ್ತು. ಒಂದು ಜನಸಮುದಾಯ ಇತರರನ್ನು ಸಮಾನ ಹಕ್ಕು ನೀಡದೆ ಆಳುವ ವ್ಯವಸ್ಥೆ ಎಂಬ ಇಂದಿನ ಅರ್ಥಕ್ಕೆ ಕಿರೀಟ ಅನಿವಾರ್ಯವಲ್ಲ.

ಕೊನೆಯದಾಗಿ, ಬಿರುದಿನ ಇಸವಿಯನ್ನೂ ಆಳ್ವಿಕೆಯ ಇಸವಿಯನ್ನೂ ಅಕ್ಕಪಕ್ಕ ಬರೆದು ನೋಡಬೇಕು. ಬ್ರಿಟಿಷ್ ಅರಸೊತ್ತಿಗೆ 1858ರಲ್ಲಿ ಭಾರತದ ಆಡಳಿತವನ್ನು ನೇರವಾಗಿ ಕೈಗೆತ್ತಿಕೊಂಡರೂ, ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂಬ ಬಿರುದನ್ನು ಪಡೆದದ್ದು 1876ರ ಕಾಯ್ದೆಯ ಮೂಲಕ. 1947ರ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾದ ಮೇಲೂ ಆರನೆಯ ಜಾರ್ಜ್ ‘ಭಾರತದ ಚಕ್ರವರ್ತಿ’ ಎಂಬ ಬಿರುದನ್ನು 1948ರ ಜೂನ್‌ವರೆಗೂ ಕೈಬಿಟ್ಟಿರಲಿಲ್ಲ.