ಅರೇಬಿಕಾ ಪಾರ್ಚ್‌ಮೆಂಟ್: ಕೊಯ್ಲಿನಿಂದ ಕಣದವರೆಗೆ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗತೊಡಗುತ್ತದೆ. ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಳಹೊಟ್ಟಿನೊಂದಿಗೆ ಒಣಗಿಸಿದ ಬೀಜ) ಮಾಡುವುದಾದರೆ ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕೊಯ್ದು ಅದೇ ದಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಿ. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಹಣ್ಣು ಬಿಸಿಯೇರಿ ಹುಳಿ ವಾಸನೆ ಬೀಜಕ್ಕಿಳಿಯುತ್ತದೆ; ಆಮೇಲೆ ಎಷ್ಟು ತೊಳೆದರೂ ಹೋಗದು. ಹಸಿರುಗಾಯನ್ನು ಬೇರೆ, ಸಿಪ್ಪೆ ಸಮೇತ ಒಣಗಿಸಿ ‘ಚೆರಿ’ ಮಾಡಿ.

ಮೊದಲ ಬುಟ್ಟಿ ಪಲ್ಪ್ ಆದಕೂಡಲೇ ಒಂದು ಹಿಡಿ ತೆಗೆದು ನೋಡಿ. ಬೀಜಕ್ಕೆ ಗಾಯವಾಗಿದ್ದರೆ ಪಲ್ಪರ್ ಬಿಗಿಯಾಗಿದೆ. ಹಣ್ಣು ಇಡಿಯಾಗಿ ಬರುತ್ತಿದ್ದರೆ ಸಡಿಲವಾಗಿದೆ.

ಸಿಪ್ಪೆ ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡಿ; ಅದರ ಮೈಮೇಲಿನ ಲೋಳೆ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು, ಚಳಿಯಿದ್ದರೆ ಇನ್ನೂ ತಡ. ಗಡಿಯಾರವನ್ನೇ ನಂಬಬೇಡಿ. ಒಂದು ಹಿಡಿ ತೊಳೆದು ಉಜ್ಜಿ: ಜಾರದೆ ಜಲ್ಲಿಯಂತೆ ಗರಗರ ಎಂದರೆ ತಕ್ಷಣ ತೊಳೆಯಿರಿ, ತಡವಾದರೆ ಹುಳಿತ ಮೀರುತ್ತದೆ. ತೊಳೆದ ನೀರನ್ನು ಹಳ್ಳಕ್ಕೆ ಬಿಡಲೇಬೇಡಿ.

ತೊಳೆದ ಬೀಜವನ್ನು ಕಣದಲ್ಲಿ 4–5 ಸೆಂ.ಮೀ. ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಿ. ಮೊದಲ ದಿನಗಳ ನಡುಬಿಸಿಲಿಗೆ ಬೀಜದ ಮೇಲಿನ ಪಾರ್ಚ್‌ಮೆಂಟ್ ಬಿರಿಯುತ್ತದೆ, ಆಗ ನೆರಳು ಕೊಡಿ. ಸಂಜೆ ರಾಶಿ ಮಾಡಿ, ಇಬ್ಬನಿ ತಾಗದಂತೆ ಟಾರ್ಪಾಲು ಮುಚ್ಚಿ. ತೇವ ಶೇ. 10ಕ್ಕೆ ಇಳಿಯಬೇಕು. ಒಂದೇ ಅಳತೆಯ ಡಬ್ಬದಲ್ಲಿ ದಿನವೂ ತೂಗಿ. ಸತತ ಎರಡು ದಿನ ತೂಕ ಬದಲಾಗದಿದ್ದರೆ ಚೀಲ ತುಂಬಿ.