ಹಳೇ ಗ್ಯಾಂಗು, ಹೊಸ ಎಡಿಷನ್: ನನ್ನ ಅನುಭವ

"ನಿನ್ನ ಗ್ಯಾಂಗು ಹೊಸ ರೂಲ್ಸಿಗೆ ಬರಲ್ಲ, ಬಿಡು" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ಮುಂದುವರಿಸೋದು. ಆಟ ನಡೆಸೋದು, ವಿಲನ್‌ಗಳನ್ನು ಆಡಿಸೋದು ನಾನು. ಈಗ ಅದರ 2024ರ ಎಡಿಷನ್ ಆಡಲು ಶುರು ಮಾಡಿ ಹತ್ತು ತಿಂಗಳು. ತಿಂಗಳಿಗೆ ಎರಡು ಶನಿವಾರ ಆಡುತ್ತೇವೆ. ಆಡುವ ಐವರಲ್ಲಿ ಒಬ್ಬನೂ ಬಿಟ್ಟು ಹೋಗಿಲ್ಲ.

ನಾವು ಸೆಕೆಂಡ್ ಎಡಿಷನ್ ಕಾಲದವರು, ಜೆರಾಕ್ಸ್ ಪುಸ್ತಕದವರು. 2000ದಲ್ಲಿ ಥರ್ಡ್ ಎಡಿಷನ್ ಬಂದಾಗ ಎಸಿ (ಆರ್ಮರ್ ಕ್ಲಾಸ್, ಏಟು ತಗಲದಂತೆ ಕಾಯುವ ಅಂಕಿ) ತಲೆಕೆಳಗಾಯಿತು, ಕಮ್ಮಿ ಇದ್ದರೆ ಒಳ್ಳೇದು ಅನ್ನೋದು ಹೋಗಿ ಜಾಸ್ತಿ ಇದ್ದರೆ ಒಳ್ಳೇದು ಅಂತಾಯಿತು. ಆದರೆ 20ರಿಂದ ಹಳೇ ಎಸಿ ಕಳೆದರೆ ಮುಗೀತು, ಚೈನ್ ಮೇಲ್ ಕವಚ 5 ಇದ್ದದ್ದು 15. ಏಟು ತಗಲಲು ಡೈಸಿನಲ್ಲಿ ಎಷ್ಟು ಬೇಕು ಅನ್ನೋ ಥ್ಯಾಕೋಗೂ ಅದೇ ಲೆಕ್ಕ. ಈ ಸುಲಭವೇ ನನ್ನನ್ನು ಕೆಡಿಸಿತು.

2008ರಲ್ಲಿ ಫೋರ್ತ್ ಬಂದಾಗಲೂ ಹಾಗೇ ಕೂಡಿ ಕಳೆದು ದಾಟೋಣ ಅಂದುಕೊಂಡೆ. ಪುಸ್ತಕಕ್ಕೆ ಐದಾರು ಸಾವಿರ ಸುರಿದೆ, ಆಗಿನ ಸಂಬಳದಲ್ಲಿ. ಹತ್ತನೇ ಲೆವೆಲ್ಲಿನ ವಿಝರ್ಡ್ ಒಬ್ಬನನ್ನೇ ಬದಲಿಸಲು ಮೂರು ರಾತ್ರಿ ಹಿಡಿಯಿತು, ಅವನ ಅರ್ಧ ಸ್ಪೆಲ್‌ಗಳಿಗೆ ಹೊಸ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಒಂದು ಗೋಬ್ಲಿನ್ ಜಗಳಕ್ಕೆ ಎರಡೂವರೆ ಗಂಟೆ. ನಾಲ್ಕನೇ ಆಟಕ್ಕೆ ಇಬ್ಬರೇ ಬಂದರು. ಆ ಪುಸ್ತಕಗಳು ಈಗ ಮಾನಿಟರ್ ಕೆಳಗಿವೆ.

ಈ ಸಲ ಹಳೇ ಕ್ಯಾರೆಕ್ಟರ್ ಶೀಟ್ ಮುಟ್ಟಲೇ ಇಲ್ಲ. "ನಿನ್ನ ಕ್ಯಾರೆಕ್ಟರ್ ಮಾಡೋ ಮೂರು ಕೆಲಸ ಹೇಳು, ನಂಬರ್ ಬೇಡ" ಅಂತ ಒಬ್ಬೊಬ್ಬರನ್ನೂ ಕೇಳಿ ರಟ್ಟಿನ ಮೇಲೆ ಬರೆದುಕೊಂಡೆ. ಆ ಮೂರು ಕೆಲಸ ಆಗೋ ಹಾಗೆ ಒಂದರಿಂದ ಆರನೇ ಲೆವೆಲ್‌ವರೆಗೆ ಹೊಸದಾಗಿ ಕಟ್ಟಿದೆವು. ಫೈಟರ್ ಹೇಳಿದ್ದು "ಹೊಡೆದು ಬೀಳಿಸ್ತೀನಿ". ಹೊಸ ಪುಸ್ತಕದಲ್ಲಿ ಮಾಲ್ ಅನ್ನೋ ದೊಡ್ಡ ಸುತ್ತಿಗೆ ಹಿಡಿದರೆ ಎದುರಾಳಿಯನ್ನು ಕೆಡವುವ ಟಾಪಲ್ ಇದೆಯಲ್ಲ, ಅವನು ಆವತ್ತೇ ಒಲಿದ.

ಆಮೇಲೆ ಒಂದು ಆಟಕ್ಕೆ ಒಂದೇ ಹೊಸ ರೂಲ್. ಮೊದಲು ಕೊಡೋದು, ಆಮೇಲೆ ಕಿತ್ಕೊಳ್ಳೋದು. ಪೋಷನ್ ಕುಡಿಯಲು ಬೋನಸ್ ಆ್ಯಕ್ಷನ್ (ಟರ್ನಿಗೆ ಒಂದೇ ಸಿಗುವ ಚಿಕ್ಕ ಕೆಲಸ) ಸಾಕು ಅಂದಾಗ ಎಲ್ಲರೂ ಖುಷಿ. ಏಳನೇ ಆಟದಲ್ಲಿ ಸ್ಮೈಟ್ (ಪಾಲಡಿನ್ ಅನ್ನೋ ಪವಿತ್ರ ಯೋಧ ಏಟಿನ ಜೊತೆ ಸೇರಿಸುವ ಹೆಚ್ಚುವರಿ ಪೆಟ್ಟು) ತಂದೆ, ಹೊಸ ರೂಲಿನಲ್ಲಿ ಅದಕ್ಕೂ ಬೋನಸ್ ಆ್ಯಕ್ಷನ್ ಬೇಕು, ಅಲ್ಲಿ ಎಡವಿದೆ. ಪಾಲಡಿನ್ ಪೋಷನ್ ಕುಡಿದ, ಹೊಡೆದ, ಸ್ಮೈಟ್ ಅಂದ. "ಬೋನಸ್ ಆ್ಯಕ್ಷನ್ ಖರ್ಚಾಯ್ತಲ್ಲ" ಅಂದೆ. ಕೈಯಲ್ಲಿದ್ದ ಡೈಸನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಆ ಟಕ್ ಸದ್ದು ಇನ್ನೂ ಕಿವಿಯಲ್ಲಿದೆ.

ವಾದ ಮಾಡಲಿಲ್ಲ. ಹಳೇ ಸ್ಮೈಟೇ ಇರಲಿ, ಆದರೆ ನನ್ನ ವಿಲನ್‌ಗೂ ಅದೇ ಅಂದೆ. ಮುಂದಿನ ಆಟದಲ್ಲಿ ವಿಲನ್ ಒಂದೇ ಟರ್ನಿನಲ್ಲಿ ಎರಡು ಸಲ ಸ್ಮೈಟ್ ಮಾಡಿದ, ಪಾಲಡಿನ್‌ನ ನಲವತ್ತು ಚಿಲ್ಲರೆ ಹಿಟ್ ಪಾಯಿಂಟ್ ಹೋಯಿತು. ಹೊಸ ರೂಲ್ ಅವನೇ ಕೇಳಿ ತೆಗೆದುಕೊಂಡ!

ಮಧ್ಯೆ ಸುಮ್ನೆ ಫೋರ್ತಿನ ಹೀಲಿಂಗ್ ಸರ್ಜ್ (ತಾವೇ ಚೇತರಿಸಿಕೊಳ್ಳೋ ಶಕ್ತಿ) ತಂದು ನೋಡಿದೆ. ಯಾರಿಗೂ ಸಾಯೋ ಭಯವೇ ಇಲ್ಲದಾಯಿತು, ಎರಡು ಆಟಕ್ಕೇ ಬಿಟ್ಟೆ. ಆದರೆ ಅದೇ ಫೋರ್ತಿನ 'ಬ್ಲಡೀಡ್' (ಅರ್ಧ ಹಿಟ್ ಪಾಯಿಂಟ್ ಹೋದವನು) ಅನ್ನೋ ಮಾತನ್ನು ನಾನು ಯಾವತ್ತೂ ಬಿಟ್ಟಿರಲಿಲ್ಲ, 2024ರಲ್ಲಿ ಅವರೇ ವಾಪಸ್ ತಂದರು ನೋಡಿ.

ಖರ್ಚು? ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದೇ, ನಾಲ್ಕು ಸಾವಿರದ ಹತ್ತಿರ, ಆರು ಜನ ಹಂಚಿಕೊಂಡೆವು. ಉಳಿದದ್ದು 2025ರಲ್ಲಿ ಪುಕ್ಕಟೆ ಬಿಟ್ಟ ರೂಲ್‌ಗಳ ಸಂಗ್ರಹ, ಎಸ್‌ಆರ್‌ಡಿ 5.2. ಮಾನ್ಸ್ಟರ್ ಮ್ಯಾನುಯಲ್ ಹಳೇದೇ. ಅದರ ಮಾನ್ಸ್ಟರ್‌ಗಳ ಡ್ಯಾಮೇಜ್ ಹೇಗೆ ಏರಿಸ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ನಮ್ಮವರೂ ಓದ್ತಾರೆ.

ಸರ್ಪ್ರೈಸ್ ರೂಲ್ ಒಂದು ಬಾಕಿ. ಇನ್ನು ಮುಂದೆ ಸರ್ಪ್ರೈಸ್ ಆದವರ ಟರ್ನ್ ಹೋಗಲ್ಲ, ಇನಿಶಿಯೇಟಿವ್‌ಗೆ (ಯಾರ ಟರ್ನ್ ಮೊದಲು ಅನ್ನೋದಕ್ಕೆ) ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಸಲ ಡೈಸ್ ಹಾಕಿ ಕಮ್ಮಿದು ತಗೊಳ್ಳೋದು, ಅಷ್ಟೇ. ಹೊಂಚಿ ಹೊಡೆಯೋ ನಮ್ಮ ಅಸ್ಯಾಸಿನ್‌ಗೆ ಇನ್ನೂ ಹೇಳಿಲ್ಲ.